ಬಾತುಕೋಳಿ ಆಫೀಸು

ಸೆಪ್ಟೆಂಬರ್ 3, ಬುಧವಾರ

ಫ್ರಿಜ್ ಅಂಗಡಿಯವನು ಕಡೆಗೂ ಖಾಲಿ ಪೆಟ್ಟಿಗೆ ಕೊಟ್ಟ. ಬಸ್ಸಿಗೆ ಹತ್ತಿಸಲಿಲ್ಲ. ತಲೆ ಮೇಲೆ ಹೊತ್ತು ನಡೆದೆ. ಮನೆಯಲ್ಲಿ ಕೂತು ಬಾಗಿಲು ಕೊರೆದೆ, ಕಿಟಕಿ ಬಿಡಿಸಿದೆ. ಅತ್ತೆ ನೋಡಿ ನೋಡಿ ಅಂದರು — "ಸ್ಕೂಲಿಗಾದ್ರೆ ಬಡಗಿ ಆಗ್ತೀಯ. ಮನೇಲಿ ಒಂದು ಮೊಳೆ ಹೊಡಿ ಅಂದ್ರೆ ಬೆರಳು ನೋವು."

ಹೆಸರು: ಮಾತಿನ ಗೂಡು. ಒಳಗೆ ನನ್ನ ಹಳೇ ಫೋನು, ದಾರದಲ್ಲಿ ಕಟ್ಟಿದೆ. ಕೆಂಪು ಚುಕ್ಕಿ ಒತ್ತಿದರೆ ರೆಕಾರ್ಡ್. ಒಬ್ಬೊಬ್ಬರೇ ಒಳಗೆ ಹೋಗಿ ಏನು ಬೇಕಾದರೂ ಹೇಳಬಹುದು. ಮಧ್ಯಾಹ್ನ ನಾನೊಬ್ಬಳೇ ಕೇಳುತ್ತೇನೆ.

ಮಕ್ಕಳು ಬಿಡಲಿಲ್ಲ. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಮಿಸ್." ಮಾಡಿದೆ. ಇಪ್ಪತ್ತೆರಡು ಮಕ್ಕಳ ಮುಂದೆ, ಎದೆ ಮೇಲೆ ಕೈ ಇಟ್ಟು.

ಇಪ್ಪತ್ತೊಂದು ಮಕ್ಕಳು ಸಾಲು ನಿಂತರು. ಬಟನ್ ಮಾತ್ರ ಕಿಟಕಿ ಹತ್ತಿರ. ಅಂಗಿಯ ಗುಂಡಿ ತಿರುಗಿಸುತ್ತ ನಿಂತಿರುತ್ತಾಳೆ, ಅದಕ್ಕೇ ಈ ಹೆಸರು, ಬರೀ ಈ ಪುಸ್ತಕದಲ್ಲಿ. ಐದು ವರ್ಷ. ಸೇರಿದಾಗಿನಿಂದ ಕ್ಲಾಸಿನಲ್ಲಿ ಒಂದು ಅಕ್ಷರ ಆಡಿಲ್ಲ. ಮನೆಯಲ್ಲೂ ಈಚೆಗೆ ಮಾತು ಕಮ್ಮಿ ಎಂದು ಅವಳ ಅಮ್ಮ ಹೇಳಿದ್ದರು. ಒಂದು ದಿನ ನನ್ನ ಮುಖ ನೋಡಿ ಒಂದು ಮಾತಾಡಿದರೆ ಸಾಕು. ಈ ವರ್ಷ ನನಗೆ ಬೇರೆ ಏನೂ ಬೇಡ.

ಸೆಪ್ಟೆಂಬರ್ 8, ಸೋಮವಾರ

ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ನಮ್ಮ ಭಾವ ಕ್ಲಾಸಿಗೆ ವಿಡಿಯೋ ಕಾಲ್‌ನಲ್ಲಿ ಬಂದರು. ಕಿಟಕಿಯಿಂದ ಸಮುದ್ರ ತೋರಿಸಿದರು. ಎರಡನೇ ಸಾಲಿನ ಹುಡುಗ — "ಅದರ ನಲ್ಲಿ ಯಾರು ತಿರುಗ್ಸಿದ್ದು?" ಭಾವ ಈರುಳ್ಳಿ ತೋರಿಸಿ ಪಾರಾದರು.

ಅಷ್ಟರಲ್ಲಿ ಗೂಡಿನ ಫೋನ್ ಭರ್ತಿ. ಹೊಸದೇನೂ ರೆಕಾರ್ಡ್ ಆಗುವುದಿಲ್ಲ ಎಂದು ಬಂತು. ಪಕ್ಕದ ಕ್ಲಾಸಿನ ಟೀಚರ್, ನಾನು ಅಕ್ಕ ಅನ್ನುವವಳು, ಇದ್ದಾಳಲ್ಲ. ಒಂಬತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಉಂಡಿದ್ದೇವೆ, ನನ್ನ ಬಾಣಂತನದಲ್ಲಿ ನನ್ನ ಕ್ಲಾಸನ್ನೂ ಅವಳೇ ನೋಡಿಕೊಂಡಳು. "ಕೊಡೇ ಇಲ್ಲಿ. ನನ್ನ ಕಂಪ್ಯೂಟರಿಗೆ ತಾನಾಗೇ ಹೋಗೋ ಹಾಗೆ ಮಾಡ್ತೀನಿ. ನೀನು ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡ." ಎರಡು ನಿಮಿಷದಲ್ಲಿ ಮಾಡಿಕೊಟ್ಟಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಶುಕ್ರವಾರದ ಅತಿಥಿ — ಬೀಗ ರಿಪೇರಿಯವರು. ಮೊದಲು ನಮ್ಮ ಮುಖ್ಯಶಿಕ್ಷಕಿ, ದೊಡ್ಡ ಮಿಸ್, ಒಪ್ಪಿರಲಿಲ್ಲ. "ಓದಿದೋರು ಯಾರೂ ಸಿಗ್ಲಿಲ್ವಾ?" ಹಿತ್ತಲ ಗಿಡ ಮದ್ದಲ್ಲ. ನಮ್ಮ ಗೇಟಿನ ಎದುರೇ ಇಪ್ಪತ್ತು ವರ್ಷದಿಂದ ಕೂತಿರುವ ಮನುಷ್ಯ.

ಬೀಗ ಬಿಚ್ಚಿ ಹೊಟ್ಟೆಯೊಳಗಿನ ಸ್ಪ್ರಿಂಗ್ ತೋರಿಸಿದರು. ಒಬ್ಬಳು ಕೇಳಿದಳು — ಕಳ್ಳ ಬಂದರೆ ತೆಗೆಯುವುದಿಲ್ಲವೇ? "ತೆಗೀತಾನೆ ಪುಟ್ಟಿ. ಬೀಗ ಹಾಕೋದು ಕಳ್ಳರಿಗಲ್ಲ. ಒಳ್ಳೆಯವರು ಒಳ್ಳೆಯವರಾಗೇ ಉಳೀಲಿ ಅಂತ."

ಹೋಗುವಾಗ ಒಂದು ಹಳೇ ಹಿತ್ತಾಳೆ ಬೀಗ, ಕೀಲಿ ಸಮೇತ ಬಿಟ್ಟು ಹೋದರು. ಬಟನ್ ಅದನ್ನು ಅರ್ಧ ಗಂಟೆ ತೆಗೆದಳು, ಹಾಕಿದಳು. ತುಟಿ ಅಲುಗಿತು. ದನಿ ಇಲ್ಲ... ಆದರೂ ಅಲುಗಿತು.

ಸೆಪ್ಟೆಂಬರ್ 16, ಮಂಗಳವಾರ, ಮಧ್ಯಾಹ್ನ 1.20

ಬಟನ್ ಮಾತಾಡಿದ್ದಾಳೆ!

ಎಲ್ಲರೂ ಅಂಗಳದಲ್ಲಿದ್ದಾಗ ಗೂಡಿಗೆ ಹೋಗಿದ್ದಾಳೆ. ಇಪ್ಪತ್ತೆರಡು ಸೆಕೆಂಡ್. ಗೊಗ್ಗರು ದನಿ, ನಾನು ಊಹಿಸಿದ್ದ ಹಾಗೇ ಇಲ್ಲ. ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ:

"ನಮ್ಮಪ್ಪನ ಆಫೀಸಲ್ಲಿ ಬಾತುಕೋಳಿ ಇದಾವೆ. ಒಂದು ಬೆಂಚಿದೆ. ಅಪ್ಪ ಡಬ್ಬಿ ತೆಗೆದು ಅರ್ಧ ಊಟ ಅವಕ್ಕೇ ಹಾಕ್ತಾರೆ. ಸಾಯಂಕಾಲ ಆದ್ಮೇಲೆ ಆಫೀಸು ಮುಗೀತು ಅಂತಾರೆ." ಆಮೇಲೆ ಸುಮ್ಮನಿದ್ದಾಳೆ, ಉಸಿರು ಕೇಳುತ್ತದೆ. "ಅಮ್ಮಂಗೆ ಹೇಳಬಾರದು."

ಆರು ಸಲ ಕೇಳಿದೆ. ಊಟ ಮಾಡಲಿಲ್ಲ.

ಅದೇ ದಿನ, ಸಂಜೆ

ಅಕ್ಕನಿಗೆ ಕೇಳಿಸಿದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದು ಹೋಗುತ್ತಿತ್ತು. ಇಬ್ಬರೂ ಸ್ಟಾಫ್ ರೂಮಿನಲ್ಲಿ ಕಣ್ಣೊರೆಸಿಕೊಂಡೆವು. ಬಾತುಕೋಳಿ ಆಫೀಸಿಗೆ ನಕ್ಕೆವು. "ಎಂಥಾ ಕಲ್ಪನೆ ಕಣೇ ಈ ಮಗೂದು!" ಅಂದಳು ಅಕ್ಕ. ಅಕ್ಕನೇ ತಾನೆ, ಹೊರಗಿನವಳಲ್ಲವಲ್ಲ.

ಸೆಪ್ಟೆಂಬರ್ 24, ಬುಧವಾರ

ಶುಕ್ರವಾರಕ್ಕೆ ಲೈಬ್ರರಿಯವರನ್ನು ಕರೆಯಲು ಹನ್ನೊಂದು ಗಂಟೆಗೆ ಪರ್ಮಿಷನ್ ತೆಗೆದುಕೊಂಡು ಹೊರಟೆ. ಉದ್ಯಾನದೊಳಗಿಂದ ಹೋದರೆ ಹತ್ತಿರ. ಕೊಳದ ಪಕ್ಕ ಬೆಂಚು. ಬೆಂಚಿನ ಮೇಲೆ ಬಟನ್‌ಳ ಅಪ್ಪ. ಇಸ್ತ್ರಿ ಮಾಡಿದ ಶರ್ಟು, ಕಪ್ಪು ಆಫೀಸ್ ಬ್ಯಾಗು, ಕಾಲು ಜೋಡಿಸಿ ಕೂತಿದ್ದರು, ಇಂಟರ್‌ವ್ಯೂಗೆ ಕಾಯುವವರ ಹಾಗೆ. ಕಾಲ ಬಳಿ ಬಾತುಕೋಳಿಗಳು.

ನನ್ನನ್ನು ನೋಡಲಿಲ್ಲ. ನಾನು ಹಿಂದಕ್ಕೆ ತಿರುಗಿ ಸುತ್ತು ದಾರಿ ಹಿಡಿದೆ.

ಕಲ್ಪನೆಯಲ್ಲ. ಅವಳು ಸೇರಿದ ಮೊದಲ ದಿನ ಸ್ಕೂಲು ಬೇಗ ಬಿಟ್ಟಾಗ ಮಗಳನ್ನು ಕರೆದೊಯ್ದದ್ದು ಅವರೇ. ಅವತ್ತು ಅಲ್ಲೇ ಕೂರಿಸಿಕೊಂಡಿರಬೇಕು. ಇದೇ ನನ್ನ ಆಫೀಸು ಎಂದಿರಬೇಕು.

ಈಗ ಅರ್ಥವಾಯಿತು. ಒಂದು ಮಾತು ಬಾಯಿಂದ ಜಾರಬಾರದು ಎಂದರೆ ಬಾಯಿ ಬಿಡದಿರುವುದೇ ಕ್ಷೇಮ ಎಂದುಕೊಂಡಿದೆ ಆ ಮಗು. ಐದು ವರ್ಷದ ಬುದ್ಧಿಗೆ ಅಷ್ಟೇ ತೋಚಿದ್ದು. ಅದನ್ನು ಇಳಿಸಿಡಲು ಸಿಕ್ಕಿದ ಜಾಗ ನನ್ನ ಪೆಟ್ಟಿಗೆಯೊಂದೇ.

ಸೆಪ್ಟೆಂಬರ್ 25, ಗುರುವಾರ

ಅಕ್ಕನಿಗೆ ಹೇಳಿದೆ. ಪಾರ್ಕಿನಲ್ಲಿ ಕಂಡದ್ದು ಹೇಳಲಿಲ್ಲ. ಇಷ್ಟೇ — "ಬಟನ್‌ದು ನಿನ್ನ ಕಂಪ್ಯೂಟರಲ್ಲಿ ಬೇಡ ಅಕ್ಕ. ಅಳಿಸಿಬಿಡು. ಅಮ್ಮಂಗೆ ಹೇಳಬಾರದು ಅಂದಿದೆ ಮಗು." ಅಕ್ಕ ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ, "ಆಯ್ತು ಕಣೆ, ಅಳಿಸ್ದೆ."

ಪಾಪ, ಅವಳಿಗೂ ಉಸಿರಾಡಲು ಬಿಡುವಿಲ್ಲ. ದೊಡ್ಡ ಸ್ಕ್ರೀನ್ ಕಂಪನಿಯವರು ನಾಲ್ಕನೇ ತಾರೀಕು ಬರುತ್ತಾರಂತೆ. ತಂತ್ರಜ್ಞಾನ ಚೆನ್ನಾಗಿ ಬಳಸುವ ಒಂದು ಶಿಶುವಿಹಾರಕ್ಕೆ ಗೋಡೆಯಷ್ಟು ದೊಡ್ಡ ಸ್ಕ್ರೀನ್ ಉಚಿತ. ಅವತ್ತೇ ಪೋಷಕರ ಸಭೆ. ಅಕ್ಕ ಸಣ್ಣ ಸಿನಿಮಾ ಮಾಡುತ್ತಿದ್ದಾಳೆ. ನನ್ನ ಬೀಗದವರು, ನನ್ನ ಭಾವ, ಗೂಡು ಎಲ್ಲ ಇರುತ್ತದಂತೆ. ತೋರಿಸು ಅಂದರೆ, "ಸರ್‌ಪ್ರೈಸ್!"

ಬಟನ್ ಇವತ್ತೂ ಗೂಡಿಗೆ ಹೋದಳು. ಮೂರನೇ ಸಲ. ಹೊರಬರುವಾಗ ನನ್ನನ್ನು ನೋಡಿ ಒಂದು ಚೂರು ನಕ್ಕಳು. ಇನ್ನೇನು, ಮಾತು ನಾಲಿಗೆ ತುದಿಯಲ್ಲಿದೆ.

ಅಕ್ಟೋಬರ್ 4, ಶನಿವಾರ

ಬರೆಯಲಾರೆ.

ಅಕ್ಟೋಬರ್ 5, ಭಾನುವಾರ

ಬರೆಯಬೇಕು. ಇಲ್ಲದಿದ್ದರೆ ಇನ್ಯಾರಿಗೆ ಹೇಳಲಿ? ಇಷ್ಟು ವರ್ಷ ಅಕ್ಕನಿಗೆ ಹೇಳುತ್ತಿದ್ದೆ.

ಹಾಲ್ ತುಂಬ ಜನ. ಮೊದಲ ಸಾಲು ಕಂಪನಿಯವರು. ನನ್ನ ಮುಂದಿನ ಸಾಲಿನಲ್ಲಿ ಬಟನ್, ಅಪ್ಪ, ಅಮ್ಮ. ಸಿನಿಮಾ ಶುರು. ಪರಿಕಲ್ಪನೆ: ಅಕ್ಕನ ಹೆಸರು. ತಯಾರಿ: ಅಕ್ಕನ ಹೆಸರು. ಕಡೆಯಲ್ಲಿ 'ಸಹಕಾರ' ಅಂತ ಒಂದು ಸಾಲು ನನಗೆ, ಚಹಾ ಕೊಟ್ಟವರ ಜೊತೆ. ಅದು ಹಾಳಾಗಿ ಹೋಗಲಿ, ನುಂಗಿಕೊಳ್ಳುತ್ತಿದ್ದೆ.

ಆಮೇಲೆ ದೊಡ್ಡ ಅಕ್ಷರದಲ್ಲಿ 'ಕಲ್ಪನೆಗೆ ರೆಕ್ಕೆ' ಎಂದು ಬಂತು. ಕಾರ್ಟೂನ್ ಬಾತುಕೋಳಿಗಳು ಟೈ ಕಟ್ಟಿಕೊಂಡು ಕುಣಿದವು. ಸ್ಪೀಕರಿನಲ್ಲಿ ಗೊಗ್ಗರು ದನಿ. "ನಮ್ಮಪ್ಪನ ಆಫೀಸಲ್ಲಿ ಬಾತುಕೋಳಿ ಇದಾವೆ..."

ಹಾಲ್ ಪೂರ್ತಿ ನಕ್ಕಿತು. ಕಂಪನಿಯವರು ಚಪ್ಪಾಳೆ ತಟ್ಟಿದರು. ಡಬ್ಬಿ ಊಟದ ಮಾತು ಬಂದಾಗ ಇನ್ನೂ ಜೋರು ನಗು. ಅಮ್ಮ ಕೂಡ ನಗುತ್ತಿದ್ದರು, ಮಗಳ ದನಿ ಅಲ್ಲವೇ. ನಗುತ್ತಲೇ ಗಂಡನ ಕಡೆ ತಿರುಗಿದರು. ಆತ ತಮ್ಮ ಬೂಟು ನೋಡುತ್ತಿದ್ದರು. ಕಿವಿ ಕೆಂಪಗಾಗಿತ್ತು.

ಅಮ್ಮ ಮೆಲ್ಲಗೆ ಕೇಳಿದ್ದು ನನಗೂ ಕೇಳಿಸಿತು. "ಯಾವ ಆಫೀಸು?"

ಆತ ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದರು.

ಬಟನ್ ಸ್ಕ್ರೀನ್ ನೋಡಲಿಲ್ಲ. ಅಪ್ಪನನ್ನೂ ನೋಡಲಿಲ್ಲ. ಕುರ್ಚಿ ಮೇಲೆ ಮಂಡಿಯೂರಿ, ಹಿಂದಕ್ಕೆ ತಿರುಗಿ, ನನ್ನನ್ನೇ ನೋಡಿದಳು. ಸಿನಿಮಾ ಮುಗಿಯುವವರೆಗೂ.

ಅಕ್ಟೋಬರ್ 6, ಸೋಮವಾರ

ಬಟನ್ ಬಂದಿಲ್ಲ.

ಅಕ್ಕನನ್ನು ಸ್ಟೋರ್ ರೂಮಿಗೆ ಕರೆದೆ. ಬಾಯಿ ತೆರೆಯುವ ಮೊದಲೇ ಶುರು ಮಾಡಿದಳು — "ನಂಗೇನು ಗೊತ್ತು, ಅವರ ಮನೆ ವಿಷಯ ಅಂತ? ಮತ್ತೆ ಪೂರ್ತಿ ಕೇಳಕ್ಕೂ ಟೈಮ್ ಇರ್ಲಿಲ್ಲ ಕಣೆ. ಮೊದಲನೇ ಎರಡು ಲೈನ್ ಮುದ್ದಾಗಿತ್ತು, ಹಾಕ್ಬಿಟ್ಟೆ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಏನೂ ಅಂದೇ ಇರಲಿಲ್ಲ.

"ಅಳಿಸ್ದೆ ಅಂದಿದ್ದೆ."

"ಮರೆತೆ."

"ಸಿನಿಮಾದಲ್ಲಿ ಎಲ್ಲಿಗೆ ನಿಲ್ಸಿದೀಯ ಅಕ್ಕ? 'ಆಫೀಸು ಮುಗೀತು ಅಂತಾರೆ', ಅಲ್ಲಿಗೆ. ಅದರ ಮುಂದೆ ಏನಿತ್ತು?"

ಕಪಾಟಿನ ಮೇಲಿನ ಧೂಳು ಒರೆಸಿದಳು.

'ಅಮ್ಮಂಗೆ ಹೇಳಬಾರದು' ಒಂದೇ ಇಲ್ಲ. ಉಸಿರು ಸಮೇತ ನೀಟಾಗಿ ಕತ್ತರಿಸಿದ್ದಾಳೆ. ಮತ್ತೆ ಕೇಳದವಳಿಗೆ ಅಲ್ಲಿಗೇ ಕತ್ತರಿ ಹಾಕಲು ಹೇಗೆ ಗೊತ್ತಾಯಿತು? ಗೊತ್ತಿತ್ತು. ಅದೊಂದು ಮಾತು ಇದ್ದರೆ ಯಾರೂ ನಗುತ್ತಿರಲಿಲ್ಲ, ಸ್ಕ್ರೀನ್ ಸಿಗುತ್ತಿರಲಿಲ್ಲ.

ಕೈಕೊಡವಿ ಹೊರಟಳು. ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ — "ನಂಗೆ ಕೇಳಿಸ್ದೋಳು ಯಾರೇ? ಆಣೆ ಮಾಡಿದ್ದು ನೀನು. ನಾನಲ್ಲ."

ಒಂಬತ್ತು ವರ್ಷ ನನ್ನ ಊಟದ ಡಬ್ಬಿಗೆ ಕೈ ಹಾಕಿದವಳು. ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ, ಏಕೆಂದರೆ ಅವಳು ಅಂದದ್ದು ನಿಜ. ಅದಕ್ಕೇ ಇನ್ನೂ ಉರಿಯುತ್ತಿದೆ.

ಅಕ್ಟೋಬರ್ 8, ಬುಧವಾರ

ಬಟನ್‌ಳ ಅಮ್ಮ ಬಂದಿದ್ದರು. ಚಿಕ್ಕ ಕುರ್ಚಿ ಮೇಲೆಯೇ ಕೂತರು, ಮಂಡಿ ಗಲ್ಲಕ್ಕೆ ತಾಗುತ್ತಿತ್ತು.

"ಕೆಲಸ ಹೋಗಿ ನಾಲ್ಕು ತಿಂಗಳಾಯ್ತಂತೆ. ನಾಲ್ಕು ತಿಂಗಳು ದಿನಾ ಎದ್ದು ಡಬ್ಬಿ ಕಟ್ಟಿದೀನಿ ಮಿಸ್. ಶರ್ಟ್ ಇಸ್ತ್ರಿ ಮಾಡಿದೀನಿ. ಹುಷಾರಾಗಿ ಹೋಗ್ಬನ್ನಿ ಅಂದಿದೀನಿ." ತಲೆಯೆತ್ತಿ — "ನಿಮಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. "ಸಭೆಗೆ ಹತ್ತು ದಿನ ಮುಂಚೆ. ಪಾರ್ಕಲ್ಲಿ ನೋಡಿದ್ದೆ."

"ಓಹೋ." ತಲೆಯಾಡಿಸಿದರು. "ಮಗೂಗೆ ಗೊತ್ತು. ಮಿಸ್‌ಗೆ ಗೊತ್ತು. ಊರಿಗೆಲ್ಲ ಸಿನಿಮಾ. ಮನೇಲಿ ಅಡುಗೆ ಮಾಡೋಳಿಗೆ ಮಾತ್ರ ಗೊತ್ತಿಲ್ಲ."

ಕ್ಷಮಿಸಿ ಅಂದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಮಗು ಹೇಗಿದ್ದಾಳೆ ಎಂದು ಕೇಳಿದೆ. "ಅಪ್ಪನ ಬಳಿ ಹೋಗಲ್ಲ. ತಾನೇ ಹೇಳ್ಬಿಟ್ಟೆ ಅಂತ ಅಂದ್ಕೊಂಡಿದಾಳೆ. ನಿನ್ನ ತಪ್ಪಲ್ಲ ಕಂದ ಅಂದ್ರೆ ಕಿವಿ ಮುಚ್ಕೋತಾಳೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೋಡೆ ಮೇಲೆ ಚಾರ್ಟಿನಲ್ಲಿ ನಾನೇ ಬರೆದು ಅಂಟಿಸಿದ್ದೇನೆ, ಮುತ್ತಿನ ಚಿತ್ರ ಸಮೇತ. ಆಕೆ ಹೋದ ಮೇಲೆ ಕಿತ್ತು ಹಾಕಿದೆ.

ಅಕ್ಟೋಬರ್ 15, ಬುಧವಾರ

ಸ್ಕ್ರೀನ್ ಬಂತು. ನಾಲ್ಕು ಜನ ಹೊತ್ತು ತಂದರು. ಅಕ್ಕ ಈಗ ಇಡೀ ಸಂಸ್ಥೆಗೆ ತಂತ್ರಜ್ಞಾನದ ಮುಖ್ಯಸ್ಥೆ. ಬೇರೆ ರೂಮು. ಊಟಕ್ಕೆ ಕರೆದಳು, ಏನೂ ಆಗಿಲ್ಲವೇನೋ ಎಂಬಂತೆ. ಹಸಿವಿಲ್ಲ ಅಂದೆ.

ಶುಕ್ರವಾರದ ಅತಿಥಿಗಳು ಬೇಡವಂತೆ. ದೊಡ್ಡ ಮಿಸ್ — "ಬೀಗದವರು, ದರ್ಜಿ, ಎಲ್ಲಾ ಅದರಲ್ಲೇ ಬರ್ತಾರಲ್ಲಮ್ಮ. ಕಾರ್ಟೂನಲ್ಲಿ, ಇನ್ನೂ ಚೆನ್ನಾಗಿ." ಗೇಟಿನ ಬಳಿ ಬೀಗದವರು ಮತ್ತೆ ಯಾವಾಗ ಬರಲಿ ಎಂದು ಕೇಳಿದರು. ಹೇಳುತ್ತೇನೆ ಅಂದೆ. ಆತನಿಗೂ ಸುಳ್ಳು.

ಗೂಡಿನಿಂದ ಫೋನ್ ಬಿಚ್ಚಿ ತಂದೆ. ಎಲ್ಲ ಅಳಿಸಿದೆ. ಅಕ್ಕನ ಕಂಪ್ಯೂಟರಿನಲ್ಲಿ ಇನ್ನೂ ಏನೇನಿದೆಯೋ.

ಅಕ್ಟೋಬರ್ 17, ಶುಕ್ರವಾರ

ಬಟನ್ ಬಂದಳು. ಗೇಟಿನವರೆಗೆ ಅಪ್ಪ ಬಿಟ್ಟು ಹೋದರು. ಶರ್ಟಿಗೆ ಇಸ್ತ್ರಿ ಇಲ್ಲ, ಬ್ಯಾಗಿಲ್ಲ. ನನಗೆ ಕೈ ಮುಗಿದರು. ನಾನು ತಲೆ ತಗ್ಗಿಸಿದೆ.

ಎಲ್ಲರೂ ಸ್ಕ್ರೀನ್ ಮುಂದೆ. ಅವಳು ಸೀದಾ ಗೂಡಿಗೆ ಹೋದಳು. ಒಳಗೆ ಹೋಗಿ ನೋಡಿದಳು. ದಾರ ಮಾತ್ರ ನೇತಾಡುತ್ತಿತ್ತು. ಹೊರಗೆ ಬಂದಳು. ಆಟದ ಬುಟ್ಟಿಯಿಂದ ಹಿತ್ತಾಳೆ ಬೀಗ ತೆಗೆದಳು. ರಟ್ಟಿನ ಬಾಗಿಲಿನ ತೂತಿಗೆ ಸಿಕ್ಕಿಸಿ ಒತ್ತಿದಳು. ಎರಡು ಸಲ ಜಗ್ಗಿ ನೋಡಿದಳು, ಬೀಗದವರು ಕಲಿಸಿದ ಹಾಗೇ. ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

ಆಮೇಲೆ ನನ್ನ ಹತ್ತಿರ ಬಂದಳು. ಗುಂಡಿ ತಿರುಗಿಸಲಿಲ್ಲ. ತಲೆಯೆತ್ತಿ ನೇರ ನನ್ನ ಮುಖ ನೋಡಿದಳು. ಮಾತಾಡಿದಳು. ಇಷ್ಟು ದಿನ ಕಾದಿದ್ದೆನಲ್ಲ, ಆ ಮೊದಲ ಮಾತು, ಅದೇ ಗೊಗ್ಗರು ದನಿಯಲ್ಲಿ.

"ಮಿಸ್, ನೀವು ಆಣೆ ಮಾಡಿದ್ರಿ."

ಅಕ್ಕನ ಮೇಲೆ ಹಾಕಬಹುದಿತ್ತು. ಹೆಸರು ನಾಲಿಗೆ ಮೇಲೆ ಬಂದಿತ್ತು. ಮಂಡಿಯೂರಿ ಕೂತೆ, ಅವಳ ಎತ್ತರಕ್ಕೆ. ಬಾಯಿ ಬಿಟ್ಟೆ, ಆದರೆ ಬಂದದ್ದು ಆ ಹೆಸರಲ್ಲ: "ಹೌದು ಪುಟ್ಟಿ, ಮಾಡಿದ್ದೆ, ಮುರಿದದ್ದೂ ನಾನೇ, ನೀನಲ್ಲ."