ಪಕ್ಕದ ಕೋಣೆಯ ಯಂತ್ರ

ತಮ್ಮಾ,

ಹನ್ನೆರಡು ವರ್ಷದ ಹಿಂದೆ ಪಿತ್ತಕೋಶ ತೆಗೆಯಲು ಹೋದ ನಮ್ಮೂರಿನ ಆಸ್ಪತ್ರೆಯವರು ಅಮ್ಮನ ಪಿತ್ತನಾಳವನ್ನೇ ಕತ್ತರಿಸಿ, "ಮಾಂಸದ ಹಿಂದಿರೋದು ಯಾರ ಕಣ್ಣಿಗೂ ಕಾಣಲ್ಲಮ್ಮ" ಎಂದು ನಮ್ಮ ಬಾಯಿ ಮುಚ್ಚಿಸಿದರು. ಅಂದಿನಿಂದ ಅವಳಿಗೆ ಕಾಮಾಲೆ ಮತ್ತೆ ಮತ್ತೆ ಮರುಕಳಿಸುತ್ತಲೇ ಇತ್ತು. ನೀನು ಮರೆತಿರಬಹುದು, ನಾನು ಮರೆತಿಲ್ಲ.

ಮೊನ್ನೆ ಇಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ಆ ನಾಳವನ್ನು ಸರಿಪಡಿಸಿದರು. ಆಪರೇಷನ್ ಮಾಡುವಾಗ ಒಳಗನ್ನು ನೋಡಲು ಇಳಿಬಿಡುವ ಪೆನ್ಸಿಲ್ ಗಾತ್ರದ ಕೊಳವೆಯ ತುದಿಯಲ್ಲಿ ಬೆಳಕು ಮಿಣುಕುತ್ತದೆ. ಬೆಳಕು ತಾಗಿದ ರಕ್ತನಾಳ ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸುತ್ತದೆ. ಅದೇ ಕೊಳವೆ ಆ ಸದ್ದನ್ನು ಹಿಡಿದು ಚಿತ್ರ ಬರೆಯುತ್ತದೆ. ಆಮೇಲೆ ಡಾಕ್ಟರಮ್ಮ ಆ ಚಿತ್ರ ತೋರಿಸಿದರು: ಮಾಂಸದ ಹಿಂದಿನ ರಕ್ತನಾಳಗಳು ಬೇರಿನಂತೆ ಕವಲೊಡೆದು ಕಾಣುತ್ತಿದ್ದವು, ರಕ್ತವಿಲ್ಲದ ಪಿತ್ತನಾಳ ಅವುಗಳ ನಡುವೆ ಬೇರೆಯಾಗಿ ಗುರುತು ಸಿಗುತ್ತಿತ್ತು.

"ಇದಿನ್ನೂ ಪ್ರಯೋಗದಲ್ಲಿದೆ. ಆದರೆ ಸದ್ದಿನಿಂದಲೇ ಒಳಗನ್ನು ತೋರಿಸೋ ಅಲ್ಟ್ರಾಸೌಂಡ್ ಆಗಲೂ ಇತ್ತಲ್ಲ, ತರಿಸಲಿಲ್ವಾ?" ಎಂದು ಕೇಳಿದರು.

ಇತ್ತು, ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲೇ. "ಅದು ಬೇರೆ ವಿಭಾಗದ್ದು, ಕೇಳೋದು ಯಾರು?" ಎಂದು ಅಂದು ನರ್ಸ್ ಗೊಣಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಲ್ಲಿ ಗೋಡೆಯ ಆಚೆ ಈಚೆ ಇದ್ದ ಆಪರೇಷನ್ನಿನ ಬೆಳಕೂ ಸದ್ದು ಹಿಡಿಯುವ ಯಂತ್ರವೂ ಇಲ್ಲಿ ಒಂದೇ ಕೊಳವೆಯಲ್ಲಿವೆ.

ಅಮ್ಮ ಹುಷಾರಾಗಿದ್ದಾಳೆ, ಜ್ವರವಿಲ್ಲ. "ಇಷ್ಟು ವರ್ಷ ನನ್ನ ಬಾಯಿಮಾತನ್ನೇ ಯಾರೂ ಕೇಳಲಿಲ್ಲ, ಈಗ ಹೊಟ್ಟೆಯೊಳಗಿನ ಮಾತೂ ಕೇಳ್ತಾರಂತೆ" ಎಂದು ನಕ್ಕಳು. ಹೊಲಿಗೆ ನೋಯಿತೆಂದು ನನ್ನನ್ನೇ ಬೈದಳು.

ಜಾಗ ಮುಗಿಯಿತು. ಅಂಚೆಯವನೂ ಓದಲಿ ಎಂದೇ ಲಕೋಟೆ ಬಿಟ್ಟು ಕಾರ್ಡಿನಲ್ಲಿ ಬರೆದಿದ್ದೇನೆ. ಇದನ್ನು ಆ ಆಸ್ಪತ್ರೆಯ ನೋಟೀಸ್ ಬೋರ್ಡಿಗೆ ಅಂಟಿಸು. ಪಕ್ಕದ ಕೋಣೆಯ ಯಂತ್ರವನ್ನು ಆ ದಿನ ಯಾಕೆ ತರಿಸಲಿಲ್ಲ? ಉತ್ತರವನ್ನು ಆ ಆಸ್ಪತ್ರೆಯವರು ಇದರ ಕೆಳಗೇ, ಎಲ್ಲರೂ ಓದುವಂತೆ, ಸಹಿ ಹಾಕಿ ಬರೆಯಲಿ.

ನಿನ್ನ ಅಕ್ಕ