ಎದುರು ಲಾರಿಗೆ ಹಾಕಿದ ಲೈಟು

ಮಾವನಿಗೆ ಅಕ್ಕನ ಮಗಳ ನಮಸ್ಕಾರ.

ಈ ಪರದೇಶದಲ್ಲಿ ಬಸ್ ಓಡಿಸುವ ಪರೀಕ್ಷೆಯಲ್ಲಿ ಫೇಲಾದೆ. ಲಾರಿ ಕಲಿಸುವಾಗ ನೀನು ಹತ್ತಿಸಿದ ಚಾಳಿಯೇ ಅದಕ್ಕೆ ಕಾರಣ. ತಿರುವಿನಲ್ಲಿ ಪೊಲೀಸರು ವಾಹನಗಳ ವೇಗ ಅಳೆಯುತ್ತ ನಿಂತಿದ್ದರು. ಅವರನ್ನು ದಾಟಿದ್ದೇ ತಡ, ನಮ್ಮೂರಿನ ಹಾಗೆ ಎದುರು ಬರುತ್ತಿದ್ದ ಲಾರಿಗೆ ಲೈಟು ಹಾಕಿ ಆರಿಸಿ ಎಚ್ಚರಿಸಿದೆ. ಲಾರಿಯವನು ಗಾಡಿ ಪಕ್ಕಕ್ಕೆ ಹಾಕಿ, ಕೈ ತೋರಿಸಿ ನನ್ನ ಬಸ್ಸನ್ನೂ ನಿಲ್ಲಿಸಿ, ಇಳಿದು ಓಡಿಬಂದ.

“ಏನಾಯ್ತಮ್ಮಾ, ಗಾಡಿ ಕೆಟ್ಟಿದ್ಯಾ?”

“ಇಲ್ಲ, ಮುಂದೆ ಪೊಲೀಸ್ರಿದ್ದಾರೆ.”

“ಇದ್ರೆ ಇರ್ಲಿ ಬಿಡಿ. ನಾನೇನು ಜೋರಾಗಿ ಓಡಿಸ್ತಿಲ್ವಲ್ಲ.”

ಪಕ್ಕದಲ್ಲಿ ಕೂತಿದ್ದ ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದರು. ಮುಖ ಎಲ್ಲಿಟ್ಟುಕೊಳ್ಳಲಿ ಹೇಳು.

ಪೊಲೀಸರಿಲ್ಲದ ಕಡೆ ಇಲ್ಲಿ ಕ್ಯಾಮೆರಾ ಇರುತ್ತದೆ. ಮುಂದೆ ಕ್ಯಾಮೆರಾ ಇದೆ ಎಂದು ಅವರೇ ಬೋರ್ಡು ನೆಟ್ಟಿರುತ್ತಾರೆ. ಆದರೂ ಸಿಕ್ಕಿಬಿದ್ದರೆ “ಇದೊಂದ್ಸಲ ಬಿಟ್ಬಿಡಿ ಸಾರ್” ಎಂದು ಗೋಗರೆಯಲು ಆಳೇ ಇಲ್ಲ, ಮನೆ ಬಾಗಿಲಿಗೆ ಫೋಟೊ ಬರುತ್ತದೆ. ನೀನಿಲ್ಲಿ ಒಂದು ವಾರವೂ ಬಾಳಲಾರೆ.

ನನ್ನ ಸೊಂಟನೋವು ಕಡಿಮೆಯಾಗಿದೆ, ಊಟ ನಿದ್ದೆಗೆ ತೊಂದರೆಯಿಲ್ಲ ಎಂದು ಅಮ್ಮನಿಗೆ ಹೇಳು. ವಾಪಸ್ ಬಾ ಎಂದು ಮಾತ್ರ ಯಾರೂ ಹೇಳಬೇಡಿ. ಬಸ್ಸಿನ ಸ್ಟೀರಿಂಗ್ ಕೈಗೆ ಸಿಗದೆ ನಾನು ಇಲ್ಲಿಂದ ಕದಲುವವಳಲ್ಲ.

ಇವತ್ತು ಮತ್ತೆ ಪರೀಕ್ಷೆ. ಈ ಸಲವೂ ತಪ್ಪಿದರೆ ಡಿಪೋದವರು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಕೈ ತಾನಾಗಿ ಲೈಟಿನ ಕಡೆ ಹೋಗದಿರಲಿ ಎಂದು ಬೆರಳಿಗೆ ದಾರ ಕಟ್ಟಿಕೊಂಡಿದ್ದೇನೆ.

ಕಾಗದದಲ್ಲಿ ಜಾಗ ಮುಗಿಯಿತು, ಪರೀಕ್ಷೆಗೆ ಹೊತ್ತೂ ಆಯಿತು. ಹೊರಟೆ ಮಾವ, ನಿಧಾನವಾಗಿಯೇ.