ಛೇದ ಅಂದ್ರೇನು?

ಅಮ್ಮಾ,

ನೀನಿಲ್ಲವೆಂದು ಗೊತ್ತಿದ್ದೂ ಇವತ್ತು ನಿನ್ನ ಮುಂದೆಯೇ ಕೂಗಾಡಬೇಕೆನಿಸಿದೆ. ಇಪ್ಪತ್ತು ವರ್ಷ ಮಕ್ಕಳ ಮುಖ ನೋಡಿ ಪಾಠ ಮಾಡಿದವಳು, ಈಗ ಲ್ಯಾಪ್‌ಟಾಪಿನ ಮೂವತ್ತು ಕಪ್ಪು ಚೌಕಗಳಿಗೆ ಭಿನ್ನರಾಶಿ ಹೇಳಿಕೊಡಬೇಕು. ಪ್ರಶ್ನೆ ಕೇಳಿದರೆ ಒಂದು ನರಪಿಳ್ಳೆಯೂ ಉಸಿರೆತ್ತಲಿಲ್ಲ.

"ನಾನೇನು ಗೋಡೆಗೆ ಪಾಠ ಮಾಡ್ತಿದೀನಾ?" ಎಂದು ರೇಗಿದೆ.

ಆಗ ಒಬ್ಬ ಹೆಂಗಸಿನ ದನಿ ಕೇಳಿತು. "ಮಗಳು ಎದ್ದುಹೋದ್ಳು ಟೀಚರ್, ನಾನು ಅವಳಮ್ಮ. ದಿನಾ ಕೇಳಿಸ್ಕೊಳ್ತೀನಿ. ಛೇದ ಅಂದ್ರೇನು, ಇನ್ನೊಂದ್ಸಲ ಹೇಳ್ತೀರಾ?"

"ಇದು ಮಕ್ಕಳ ಕ್ಲಾಸು" ಎಂದೆ.

"ತಪ್ಪಾಯ್ತು" ಎಂದು ಆಕೆ ಮೈಕ್ ಆಫ್ ಮಾಡಿದಳು.

ಹಿಂದೊಮ್ಮೆ "ನನ್ನ ಹೆಸರು ಬರೆಯೋದು ಹೇಳ್ಕೊಡೇ" ಎಂದು ನೀನು ನನ್ನ ಮೇಜಿನ ಪಕ್ಕ ನಿಂತಾಗ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಆಮೇಲೆ ನೋಡೋಣಮ್ಮಾ" ಅಂದಿದ್ದೆ.

ಸಂಜೆ ಆ ತಾಯಿಗೆ ಫೋನ್ ಮಾಡಿ ಛೇದ ಹೇಳಿಕೊಟ್ಟೆ. ಎರಡೇ ನಿಮಿಷ ಹಿಡಿಯಿತು.